ಸ್ಕ್ರೂಡ್ರೈವರಿಗೆ ಕಿವಿಯಿಟ್ಟ ಆಚಾರ್ರು

ವಾಮನಾಚಾರ್ರು ಓಡುವ ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಮರದ ಹಿಡಿಯನ್ನು ಬಲಗಿವಿಗೆ ಆನಿಸಿದರೆಂದರೆ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕಣ್ಣು ಮುಚ್ಚಿರುತ್ತಿತ್ತು, ಬಾಯಿ ಒಂದಿಷ್ಟು ತೆರೆದಿರುತ್ತಿತ್ತು. ಮೋಟರಿನ ಹೊಟ್ಟೆಯೊಳಗಿನ ಸದ್ದು ಆ ಕಬ್ಬಿಣದ ಕಡ್ಡಿ ಹತ್ತಿಕೊಂಡು ಅವರ ತಲೆಗೆ ಹೋಗುತ್ತಿತ್ತು. ಬೇರಿಂಗ್ ಸವೆದಿದೆಯೋ, ಒಳಗೆಲ್ಲೋ ಉಜ್ಜುತ್ತಿದೆಯೋ, ಅಂದಾಜು ಅವರಿಗೆ ಅಲ್ಲೇ ಆಗಿರುತ್ತಿತ್ತು ಅಂತ ನನ್ನ ನಂಬಿಕೆ. ಆದರೆ ಎದ್ದು ನಿಂತ ಮೇಲೆ ಗಿರಾಕಿ "ಎಂತ ಆಚಾರ್ರೇ, ಸುಟ್ಟಿದ್ಯಾ?" ಅಂತ ಕೇಳಿದರೆ ಅವರದು ಒಂದೇ ಉತ್ತರ.

"ಬಿಚ್ಚದೆ ಹೇಳಲ್ಲ."

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಸುಟ್ಟ ಮೋಟರುಗಳ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ. ನಾನು ಅಲ್ಲಿಗೆ ಸೇರಿದಾಗ ಇಪ್ಪತ್ತೆರಡು ವರ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಜಲ್ಲಿ ಒಡೆದು, ಮರದ ಲಾರಿಗೆ ಲೋಡು ಹೊತ್ತು ಬಂದವನು. ಯಾರ ಮುಂದೆಯೂ ಕೈಯೊಡ್ಡಿದವನಲ್ಲ ಅನ್ನುವ ಗರ್ವ ಆಗಲೇ ಮೈಗೆ ಹತ್ತಿತ್ತು. ಆಚಾರ್ರು ಅದನ್ನು ಮೊದಲ ದಿನವೇ ಕಂಡರು.

"ಗರ್ವ ಇರ್ಲಿ ಮಾರಾಯ, ಕೆಲ್ಸ ಮಾಡೋನಿಗೆ ಬೇಕು ಅದು. ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅನ್ನಕ್ಕೆ ಮಾತ್ರ ಅಡ್ಡ ಬರಬಾರ್ದು."

ಅಂಗಡಿಗೆ ಬಂದ ಪ್ರತಿ ಮೋಟರಿಗೂ ಅವರು ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದರು. ಮೇಲೆ ಗಿರಾಕಿಯ ಹೆಸರು, ಊರು. ಕೆಳಗೆ ಗಿರಾಕಿ ಹೇಳಿದ್ದು, ಅವನದೇ ಮಾತಿನಲ್ಲಿ. 'ಗುಂಯ್ ಅಂತದೆ, ತಿರುಗಲ್ಲ.' 'ನಿನ್ನೆ ಸರಿ ಇತ್ತು, ಇವತ್ತು ಮುಟ್ಟಿದ್ರೆ ಹೊಡೀತದೆ.' ರೋಗದ ಹೆಸರನ್ನು ಆ ಚೀಟಿಯಲ್ಲಿ ಬರೆಯಲು ಬಿಡುತ್ತಿರಲಿಲ್ಲ. "ಅವ್ನು ಹೇಳಿದ್ದು ಬರಿ. ನಿಂಗೆ ಅನ್ನಿಸಿದ್ದು ಬರಿಯಕ್ಕೆ ಚೀಟಿ ಅಲ್ಲ ಅದು."

ಸೇರಿದ ವರ್ಷವೇ ನಾನು ಆ ಮಾತು ಮೀರಿದೆ. ಆನಂದಪುರದ ಕಡೆಯಿಂದ ಒಬ್ಬರು ಮೋಟರು ತಂದಿದ್ದರು. ಆಚಾರ್ರು ಸಾಗರಕ್ಕೆ ಸಾಮಾನು ತರಲು ಹೋಗಿದ್ದರು. ಮೂಗು ಹತ್ತಿರ ಒಯ್ದೆ, ಸುಟ್ಟ ವಾಸನೆ ಹೊಡೆಯಿತು. ಇನ್ನೇನು ನೋಡುವುದು ಅಂತ ಉಳಿ ಸುತ್ತಿಗೆ ತಗೊಂಡು ತಂತಿಯೆಲ್ಲ ಕಡಿದು ಕಿತ್ತೆ. ಸಂಜೆ ಆಚಾರ್ರು ಬಂದವರು ಕಿತ್ತ ತಾಮ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲೂ ಕಪ್ಪಾಗಿರಲಿಲ್ಲ. ಆಮೇಲೆ ಕರೆಂಟಿನ ತಂತಿ ಸೇರುವ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಒಳಗೊಂದು ಹಲ್ಲಿ ಎರಡು ತಂತಿಗಳ ನಡುವೆ ಸಿಕ್ಕಿ ಸುಟ್ಟು ಕರಕಲಾಗಿತ್ತು. ಅದನ್ನು ತೆಗೆದು ಒರೆಸಿದ್ದರೆ ಮೋಟರು ತಿರುಗುತ್ತಿತ್ತು.

"ಹಲ್ಲಿ ಸತ್ತಿದ್ದಕ್ಕೆ ಮನೆ ಕೆಡವಿದೆ ನೀನು" ಅಂದರು. ಬೈಯಲಿಲ್ಲ. ಆ ಮೋಟರನ್ನು ಪೂರ್ತಿ ನನ್ನ ಕೈಯಲ್ಲೇ ಸುತ್ತಿಸಿದರು. ಗಿರಾಕಿ ಬಂದಾಗ ತಾವು ಹಿಂದೆ ಸರಿದು ನಿಂತರು. "ಚೆನ್ನಾಗಿದ್ದಿದ್ದನ್ನ ನಾನೇ ಕಡಿದೆ ಅಂತ ಅವ್ರಿಗೆ ಹೇಳು." ಹೇಳಿದೆ. ಲಾರಿ ಲೋಡು ಹೊತ್ತಾಗಲೂ ಬೆನ್ನು ಅಷ್ಟು ಬಗ್ಗಿರಲಿಲ್ಲ. ಆಮೇಲೆ ನಾನು ಯಾವ ವಿಷಯಕ್ಕೆ ಅವಸರದ ತೀರ್ಮಾನ ಹೇಳಿದರೂ ಅವರು ತಲೆ ಎತ್ತದೆ ಕೇಳುತ್ತಿದ್ದರು, "ಹಲ್ಲಿ ನೋಡಿದ್ಯಾ?"

ಒಂಬತ್ತು ವರ್ಷ ಅವರ ಹತ್ತಿರ ಇದ್ದು, ಕೋಣಂದೂರಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಆಚಾರ್ರಿಗೆ ಕೈ ನಡುಗಲು ಶುರುವಾದ ಮೇಲೆ ಅವರು ಹೊಸನಗರದ ಅಂಗಡಿ ಮುಚ್ಚಿ ಮಗನ ಮನೆಯಲ್ಲಿದ್ದರು. ತಿಂಗಳಿಗೊಮ್ಮೆ ಹುಂಚದ ಮೇಲೆ ಬರುವ ಬಸ್ಸಿನಲ್ಲಿ ಬಂದು ನನ್ನ ಬೆಂಚಿನಲ್ಲಿ ಕೂತು, ನಾನು ಸುತ್ತಿದ ತಂತಿಯನ್ನು ಬೆರಳಲ್ಲಿ ಸವರಿ ನೋಡಿ, ಚಾ ಕುಡಿದು ಹೋಗುವರು. ಆ ಉದ್ದದ ಸ್ಕ್ರೂಡ್ರೈವರು ಆಗಲೂ ಅವರ ಕೈಚೀಲದಲ್ಲಿ ಇರುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ತಂತಿ ಸುತ್ತುತ್ತಾ ಕೂತಿದ್ದೆ. ಸುತ್ತು ಎಣಿಸುತ್ತಿದ್ದೆ. ಎಂಬತ್ತು ದಾಟಿರಬೇಕು. ಹಿಂದಿನಿಂದ ಯಾರೋ "ಮಂಜಪ್ಪಾ" ಅಂದರು. ತಿರುಗಿದೆ, ಯಾರೂ ಇಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ. ಮತ್ತೆ ಕರೆದರು. ಗಂಡಸಿನದೋ ಹೆಂಗಸಿನದೋ ಗೊತ್ತಾಗದ, ಅವಸರವಿಲ್ಲದ ದನಿ, ಚಾ ಆಯ್ತು ಬಾ ಅಂತ ಕರೆಯುವ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಎಣಿಕೆ ತಪ್ಪದವನು ಆ ಬೆಳಿಗ್ಗೆ ಮೂರು ಸಲ ತಪ್ಪಿದೆ.

ಬೇರೆಯವರಾಗಿದ್ದರೆ ಕಿವಿಯ ಭ್ರಮೆ ಅಂತ ಬಿಡುತ್ತಿದ್ದರೋ ಏನೋ. ನನಗೆ ಬಿಡಲು ಆಗಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಅಪ್ಪನನ್ನೂ ಯಾರೋ ಕರೆಯುತ್ತಿದ್ದರು. ಗದ್ದೆಯಲ್ಲಿ ನಿಂತಿದ್ದ ಅಪ್ಪ "ಬಂದೆ" ಅನ್ನುತ್ತಿದ್ದರು. ಊಟಕ್ಕೆ ಕೂತವರು "ಬಂದೆ, ಬಂದೆ" ಅಂತ ಎದ್ದು ಹೋಗುತ್ತಿದ್ದರು. ಆಸ್ಪತ್ರೆಗೆ ಒಯ್ಯಬೇಕು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಪಕ್ಕದ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಬಡಿದರು. ಅಮ್ಮ ಬಾಗಿಲು ಒಂದು ಗೇಣು ತೆರೆದು ತಟ್ಟೆ ದೂಡುತ್ತಿದ್ದಳು. ಒಂದು ಮಧ್ಯಾಹ್ನ ಚಿಲಕ ಹಾಕಲು ಮರೆತಿತ್ತು. ಮೂರನೇ ದಿನ ಅಪ್ಪ ಹೊಳೆಯಲ್ಲಿ ಸಿಕ್ಕರು. ಶಾಲೆ ಬಿಟ್ಟದ್ದು ಆವಾಗ.

ಹಾಗಾಗಿ ಆ ದನಿ ಕರೆದಾಗ ನನಗೆ ಹೆದರಿಕೆಯಾದದ್ದು ದನಿಗಲ್ಲ. ನನ್ನ ಗಂಟಲಲ್ಲಿ 'ಬಂದೆ' ಅನ್ನುವ ಮಾತು ಎದ್ದು ನಿಂತಿತ್ತು, ಅದಕ್ಕೆ. ಹಲ್ಲು ಕಚ್ಚಿ ಅದನ್ನು ನುಂಗಿದೆ. ದಿನಕ್ಕೆ ಒಂದು ಸಲ, ಎರಡು ಸಲ, ಹೀಗೇ ನುಂಗುತ್ತಾ ಎರಡು ತಿಂಗಳು ಕಳೆದೆ. ನಿದ್ದೆ ಹೋಯಿತು, ಊಟ ಸೇರಲಿಲ್ಲ. ಅಂಗಡಿಯಲ್ಲಿ ಗಿರಾಕಿ ನಿಜವಾಗಿ ಕರೆದರೂ ತಿರುಗುತ್ತಿರಲಿಲ್ಲ. "ಎಂತ ಮಂಜಣ್ಣ, ದೊಡ್ಡ ಮನುಷ್ಯ ಆಗ್ಬಿಟ್ಯಾ, ಕರೆದ್ರೆ ತಿರುಗಿ ನೋಡಲ್ಲ" ಅಂತ ಆಡಿಕೊಂಡರು. ಆಡಿಕೊಳ್ಳಲಿ ಅಂತ ಬಿಟ್ಟೆ. ಜಂಬ ಬಂದಿದೆ ಅಂದುಕೊಂಡರೆ ಅಡ್ಡಿಯಿಲ್ಲ, ಇದು ಮಾತ್ರ ಗೊತ್ತಾಗಬಾರದು.

ಹೆಂಡತಿ ಸುಜಾತಳಿಗೂ ಹೇಳಿರಲಿಲ್ಲ. ಅವಳು ಒಂದು ದಿನ ಪಾತ್ರೆ ತೊಳೆಯುತ್ತಾ ಬೆನ್ನು ಹಾಕಿಕೊಂಡೇ ಹೇಳಿದಳು, "ನಿಮ್ಮ ಆಚಾರ್ರಿಗೆ ಫೋನ್ ಮಾಡಿದೀನಿ. ಬೈಯೋದಾದ್ರೆ ಅವ್ರು ಬಂದ್ಮೇಲೆ ಬೈರಿ. ನಿಮ್ಮ ಮುಖ ನೋಡಕ್ಕೆ ಆಗ್ತಿಲ್ಲ ನಂಗೆ."

ಆಚಾರ್ರು ಮರುದಿನ ಮೊದಲ ಬಸ್ಸಿಗೆ ಬಂದರು. ಅಂಗಡಿಯ ಬಾಗಿಲು ಅರ್ಧ ಎಳೆದು ಬೆಂಚಿನಲ್ಲಿ ಕೂತರು. ನಾನು ಎಲ್ಲ ಹೇಳಿದೆ, ಅಪ್ಪನದೂ ಸೇರಿಸಿ. ಅವರು ನಗಲಿಲ್ಲ. ಹಾಗೇನಿಲ್ಲ ಬಿಡು ಅಂತ ಬೆನ್ನು ತಟ್ಟಲೂ ಇಲ್ಲ.

"ಯಾವ ಕಡೆಯಿಂದ ಕೇಳ್ತದೆ?"

"ಹಿಂದಿಂದ. ಎಡಕ್ಕೆ."

"ಹೆಸರು ಬಿಟ್ಟು ಬೇರೆ ಎಂತಾದ್ರೂ ಹೇಳ್ತದಾ?"

"ಇಲ್ಲ. ಕರೀತದೆ ಅಷ್ಟೇ."

"ಹೂಂ."

ನಾನೇ ಕೇಳಿದೆ, "ಇದು ಹಲ್ಲಿನಾ ಆಚಾರ್ರೇ? ಸುಟ್ಟೇ ಹೋಗಿದ್ಯಾ?"

"ನಂಗೆ ಹೇಗೆ ಗೊತ್ತಾಗ್ಬೇಕು? ಮೋಟರಾಗಿದ್ರೆ ನಾನೇ ನೋಡ್ತಿದ್ದೆ. ತಲೆ ಮೋಟರಲ್ಲ ಮಾರಾಯ. ಅದನ್ನ ನೋಡೋ ಜನ ಬೇರೆ ಇದಾರೆ. ಅಂಗಿ ಹಾಕ್ಕೊ."

ತೀರ್ಥಹಳ್ಳಿಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೊರಗಿನಿಂದ ಮನಸ್ಸಿನ ಡಾಕ್ಟರು ಬರುತ್ತಾರೆ. ಅವತ್ತು ಅವರು ಬರುವ ಮಂಗಳವಾರ. ಇಬ್ಬರೂ ಹೋಗಿ ಬೆಂಚಿನಲ್ಲಿ ಕೂತೆವು. ನಾನು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಆದರೂ ಕೋಣಂದೂರಿನ ಒಬ್ಬ ಗಿರಾಕಿ, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದವರು, ಕಂಡುಹಿಡಿದೇಬಿಟ್ಟರು. "ಓ ಮಂಜಣ್ಣ, ಇಲ್ಲೆಂತ ನೀವು?" ಆಚಾರ್ರು ಕನ್ನಡಕ ತೆಗೆದು ಒರೆಸುತ್ತಾ ಅಂದರು, "ನನ್ನ ಕರ್ಕಂಡು ಬಂದಿದಾನೆ. ವಯಸ್ಸಾಯ್ತಲ್ಲ, ಮಂಡೆ ಸರಿ ಇಲ್ಲ ನಂಗೆ. ಕಂಡೋರಿಗೆಲ್ಲ ಕಚ್ಚಕ್ಕೆ ಹೋಗ್ತೀನಿ." ಆ ಮನುಷ್ಯ ಕುಂಟುತ್ತಾ ಬೇಗ ಬೇಗ ಹೋದ.

ನಗು ಬರುವುದರೊಳಗೆ "ಮಂಜಪ್ಪಾ" ಅಂತ ಕೇಳಿತು. ನಾನು ಕದಲಲಿಲ್ಲ. ಹಲ್ಲು ಕಚ್ಚಿ ಕೂತೆ. ಎರಡನೇ ಸಲ ಕೇಳಿತು. ಆಚಾರ್ರು ನನ್ನ ಮೊಣಕೈ ಹಿಡಿದರು.

"ನಂಗೂ ಕೇಳ್ತು. ನರ್ಸಮ್ಮ. ಏಳು."

ಡಾಕ್ಟರು ನನ್ನ ತಂಗಿಯ ವಯಸ್ಸಿನ ಹೆಣ್ಣುಮಗಳು. ಮುಕ್ಕಾಲು ಗಂಟೆ ಕೇಳಿದರು. ಅಪ್ಪನ ವಿಷಯ ಬಂದಾಗ ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ನಾನು ಕೇಳಿದ್ದು ಒಂದೇ, "ಅಪ್ಪಂದೇನಾ ಇದು?"

"ಒಂದೇ ದಿನದಲ್ಲಿ ಹೇಳಕ್ಕಾಗಲ್ಲ. ಹೌದು ಅಂತನೂ ಹೇಳಲ್ಲ, ಅಲ್ಲ ಅಂತನೂ ಹೇಳಲ್ಲ. ರಕ್ತ ಪರೀಕ್ಷೆ ಮಾಡ್ಸಿ. ಥೈರಾಯ್ಡ್ ಹೆಚ್ಚುಕಮ್ಮಿ ಇದ್ರೂ, ನಿದ್ದೆ ಕೆಟ್ರೂ ಹೀಗಾಗೋದುಂಟು. ನಿದ್ದೆಗೆ ಮಾತ್ರೆ ಕೊಡ್ತೀನಿ. ಏನಾಗ್ತದೆ ಅಂತ ದಿನಾ ಬರೆದಿಡಿ. ಮುಂದಿನ ತಿಂಗಳು ನೋಡೋಣ. ಮಧ್ಯದಲ್ಲಿ ಜಾಸ್ತಿ ಆದ್ರೆ ಕಾಯಬೇಡಿ, ಬನ್ನಿ."

ಬಿಚ್ಚದೆ ಹೇಳಲ್ಲ ಅಂತ ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೆನೋ. ಅದನ್ನು ಕೇಳಿಸಿಕೊಂಡು ಮನೆಗೆ ಹೋಗುವವನಿಗೆ ಏನಾಗುತ್ತದೆ ಅನ್ನುವುದು ಅವತ್ತು ಗೊತ್ತಾಯಿತು.

ವಾಪಸು ಬರುವಾಗ ಆಚಾರ್ರು ಬಸ್‌ಸ್ಟ್ಯಾಂಡಿನಲ್ಲಿ ಒಂದು ನೋಟ್‌ಬುಕ್ ಕೊಂಡರು. "ಬಲಗಡೆ ಪುಟದಲ್ಲಿ ಕೇಳಿದ್ದು ಬರಿ. ಎಷ್ಟು ಹೊತ್ತಿಗೆ, ಎಷ್ಟು ಸಲ, ಅಷ್ಟೇ. ಹೆದರಿಕೆ ಆದ್ರೆ ಅದನ್ನ ಎಡಗಡೆ ಪುಟದಲ್ಲಿ ಬರಿ. ಎರಡೂ ಒಂದೇ ಚೀಟೀಲಿ ಬರೆದ್ರೆ ಯಾವ್ದು ಯಾವ್ದು ಅಂತ ಡಾಕ್ಟ್ರಿಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ."

ಆ ತಿಂಗಳು ಅವರು ವಾರಕ್ಕೆ ಮೂರು ದಿನ ಬಂದರು. ಎಪ್ಪತ್ತೆಂಟು ವರ್ಷದ ಮನುಷ್ಯ, ಒಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು, ಇನ್ನೊಂದರಲ್ಲಿ ಕೈಚೀಲ ಹಿಡಿದು. ಬಂದು ನನ್ನ ಎಡಗಡೆ, ದನಿ ಬರುವ ಕಡೆಯೇ ಕೂರುವರು. ಕಣ್ಣು ಮುಚ್ಚಿ, ಬಾಯಿ ಒಂದಿಷ್ಟು ತೆರೆದು. ನಾನು ತಂತಿ ಸುತ್ತುತ್ತಿದ್ದೆ.

"ಆಚಾರ್ರೇ."

"ಕರೀತಾ?"

"ಹೂಂ."

"ನಂಗೆ ಕೇಳ್ಲಿಲ್ಲ. ಬರಿ."

ಇಷ್ಟೇ. ಒಂದು ದಿನವೂ ಅವರು ನನ್ನ ಸಮಾಧಾನಕ್ಕೆಂದು ಕೇಳಿತು ಅನ್ನಲಿಲ್ಲ. ನಾನು ಗಡಿಯಾರ ನೋಡಿ ಬಲಪುಟದಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಬಲಪುಟಕ್ಕೆ ದಿನಕ್ಕೆ ಒಂದೆರಡು ಸಾಲು. ಎಡಪುಟ ಮಾತ್ರ ತುಂಬಿ ಅಂಚಿಗೆಲ್ಲ ಹರಡುತ್ತಿತ್ತು. ಮಗಳು ಹೈಸ್ಕೂಲಿಗೆ ಹೋಗುವವಳು. ಅವಳ ಮುಂದೆ ಎಲ್ಲಿ 'ಬಂದೆ' ಅಂತ ಎದ್ದುಬಿಡುತ್ತೇನೋ ಎಂದು ಬರೆದೆ. ಇವಳಿಗೂ ಇದು ಬರುತ್ತದೋ ಎಂದು ಬರೆದೆ. ಅಪ್ಪ ಕಡೇ ದಿನ ಯಾರನ್ನು ಕಂಡು ಹೊಳೆಗಿಳಿದರೋ ಎಂದು ಬರೆದೆ.

ಆ ತಿಂಗಳ ಕೊನೆಯ ಭಾನುವಾರ ನಾನು ಒಂದು ಕೆಲಸ ಮಾಡಿದೆ. ಹೆಂಡತಿ ಮಗಳು ಮದುವೆ ಮನೆಗೆ ಹೋಗಿದ್ದರು. ನಮ್ಮ ಮನೆಯಲ್ಲೂ ಒಂದು ಪಕ್ಕದ ಕೋಣೆ ಇದೆ, ಹಳೇ ಮೋಟರು ಇಡುವುದು. ಅದನ್ನು ಖಾಲಿ ಮಾಡಿ ಗುಡಿಸಿದೆ. ಚಾಪೆ ಹಾಕಿದೆ. ಕಿಟಕಿಯ ಸರಳು ಎಳೆದು ನೋಡಿದೆ. ಬಾಗಿಲಿಗೆ ಒಳಗಿದ್ದ ಚಿಲಕ ಬಿಚ್ಚಿ ಹೊರಗಡೆ ಕೂರಿಸಿದೆ. ನನ್ನನ್ನು ಕೂಡಿಹಾಕುವ ಹೊತ್ತು ಬಂದರೆ ಸುಜಾತ ಊರಿನವರನ್ನು ಕರೆಯುವಂತಾಗಬಾರದು, ಎಲ್ಲ ತಯಾರಿರಬೇಕು. ಕೆಲಸ ಅಚ್ಚುಕಟ್ಟಾಗಿತ್ತು. ಹೊರಗೆ ನಿಂತು ಚಿಲಕ ಎಳೆದು ನೋಡಿದರೆ ಒಂದು ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಆಮೇಲೆ ಅಲ್ಲೇ ಕೂತೆ.

ಅವತ್ತು ಬರುವ ದಿನವಲ್ಲದಿದ್ದರೂ ಆಚಾರ್ರು ಬಂದರು. ಅಂಗಡಿ ಮುಚ್ಚಿದ್ದು ನೋಡಿ ಮನೆಗೇ ಬಂದಿದ್ದರು. ಬಾಗಿಲು ನೋಡಿದರು, ಚಾಪೆ ನೋಡಿದರು, ನನ್ನ ನೋಡಿದರು.

"ಯಾರಿಗೆ ಇದು?"

ನಾನು ಬಾಗಿಲು ಎಳೆದು ಮುಚ್ಚಲು ಹೋದೆ.

"ಡಾಕ್ಟ್ರು ಹೇಳಿದ್ರಾ ಹಾಕು ಅಂತ?"

"ಇಲ್ಲ."

"ಉಳಿ ತಗಂಡು ಕಡಿಯಕ್ಕೆ ಶುರು ಮಾಡಿದ್ಯಲ್ಲ ಮತ್ತೆ."

ಕೈಚೀಲದಿಂದ ಆ ಸ್ಕ್ರೂಡ್ರೈವರು ತೆಗೆದರು. ನಡುಗುವ ಕೈ, ತುದಿ ಸ್ಕ್ರೂವಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಕೊಡಿ ಅಂದೆ, ಕೊಡಲಿಲ್ಲ. ಹಣೆಯಲ್ಲಿ ಬೆವರು ಬಂತು. ನಾಲ್ಕು ಸ್ಕ್ರೂ ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಚಿಲಕವನ್ನು ನನ್ನ ತೊಡೆಯ ಮೇಲಿಟ್ಟು ಗೋಡೆಗೊರಗಿ ಕೂತರು.

"ಮಂಜಾ, ಸುಟ್ಟಿಲ್ಲ ಅಂತ ನಾನು ಹೇಳಲ್ಲ. ಸುಟ್ಟಿರಲೂಬಹುದು. ನಾಳೆ ಡಾಕ್ಟ್ರು ಅದರ ಹೆಸರು ಹೇಳಿದ್ರೆ, ಅವತ್ತು ಎಂತ ಮಾಡ್ಬೇಕೋ ಮಾಡೋಣ. ನಿಮ್ಮಪ್ಪನ ಚೀಟಿ ಬಿಚ್ಚಿ ನಿನ್ನ ಕುತ್ತಿಗೆಗೆ ಕಟ್ಕಬೇಡ. ಅವ್ರನ್ನ ಯಾರೂ ಬಿಚ್ಚಿ ನೋಡ್ಲೇ ಇಲ್ಲ, ಪಾಪ."

ಅಪ್ಪನಿಗೆ 'ಪಾಪ' ಅಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪ ಹೋದಾಗ ಅಳದವನು ಅವತ್ತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನೆಲ್ಲ ಸದ್ದು ಮಾಡಿ ಚಾಪುಡಿ ಹುಡುಕಿದರು. ಸಿಗಲಿಲ್ಲ. ಬರಿ ಬಿಸಿನೀರಿಗೆ ಬೆಲ್ಲ ಹಾಕಿ ತಂದುಕೊಟ್ಟರು. ಹೋಗುವಾಗ ಸ್ಕ್ರೂಡ್ರೈವರನ್ನು ಹೊಸ್ತಿಲ ಮೇಲೆಯೇ ಮರೆತರು. ಸಂಜೆ ಸುಜಾತ ಬಂದವಳು ಬಾಗಿಲ ಹೊರಗಿನ ನಾಲ್ಕು ತೂತು ನೋಡಿದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಚಿಲಕವನ್ನು ತಗೊಂಡು ಹೋಗಿ ಎಲ್ಲಿಟ್ಟಳೋ, ನಾನು ಕೇಳಿಲ್ಲ.

ಎರಡನೇ ಸಲ ತೀರ್ಥಹಳ್ಳಿಗೆ ಹೋದಾಗ ರಕ್ತದ ರಿಪೋರ್ಟು ಬಂದಿತ್ತು. ಥೈರಾಯ್ಡ್ ಸರಿ ಇದೆ ಅಂದರು. ಅದೇ ಕಾರಣವಾಗಿರಲಿ ಅಂತ ನಾನು ತಿಂಗಳಿಡೀ ಬೇಡಿಕೊಂಡಿದ್ದೆ. ಸರಿ ಇದೆ ಅನ್ನುವ ಮಾತು ಕೇಳಿ ಅಷ್ಟು ಹೆದರಿದ್ದು ಅದೇ ಮೊದಲು. ಡಾಕ್ಟರು ನೋಟ್‌ಬುಕ್ಕಿನ ಬಲಪುಟ ಓದಿದರು. ಆಮೇಲೆ ಎಡಪುಟವನ್ನು ಇನ್ನೂ ನಿಧಾನವಾಗಿ ಓದಿದರು. "ನಿದ್ದೆ ಬಂದ ದಿನ ಕರೆಯೋದು ಕಮ್ಮಿ ಆಗಿದೆ, ನೋಡಿ. ಆದ್ರೂ ಇಷ್ಟಕ್ಕೇ ಹೆಸರು ಕೊಡಲ್ಲ ನಾನು. ಇನ್ನೊಂದು ತಿಂಗಳು ಬರೀರಿ."

ಬಸ್ಸಿನಲ್ಲಿ ಆಚಾರ್ರು ಕಿಟಕಿ ಕಡೆ ಕೂತಿದ್ದರು. "ಒಂದು ಮುಚ್ಚಳ ಬಿಚ್ಚಿದ್ದಾಯ್ತು. ಅಲ್ಲಿ ಹಲ್ಲಿ ಇರ್ಲಿಲ್ಲ" ಅಂದರು. ಕೋಣಂದೂರಿನಲ್ಲಿ ನಾನು ಇಳಿದೆ. ಬಸ್ಸು ಹೊರಟಿತು. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಸ್ಕ್ರೂಡ್ರೈವರು ನಿನ್ನ ಮನೇಲೇ ಇದೆ, ಬಂದಾಗ ತಗಂಡು ಹೋಗ್ತೀನಿ" ಅಂದರು.

ಹತ್ತು ದಿನ ಬಿಟ್ಟು ಅವರ ಮಗ ಫೋನು ಮಾಡಿದ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಾಕ್ಕೆ ಎಬ್ಬಿಸಿದರೆ ಏಳಲಿಲ್ಲವಂತೆ. ಹೊಸನಗರಕ್ಕೆ ಹೋದೆ. ಹೆಗಲು ಕೊಟ್ಟೆ. ಅಲ್ಲಿ ಜನರ ನಡುವೆ ನಿಂತಾಗ ಹಿಂದಿನಿಂದ ಎಡಗಡೆ ಯಾರೋ ನನ್ನ ಹೆಸರು ಹಿಡಿದು ಕರೆದರು. ಪಕ್ಕಕ್ಕೆ ನೋಡಿದೆ. ನಿಮಗೆ ಕೇಳ್ತಾ ಅಂತ ಕೇಳಲು ಆಚಾರ್ರು ಇರಲಿಲ್ಲ. ಮನೆಗೆ ಬಂದು ಬಲಪುಟದಲ್ಲಿ ಬರೆದೆ. ಎಡಪುಟದಲ್ಲಿ ಅವತ್ತು ಏನೂ ಬರೆಯಲು ಆಗಲಿಲ್ಲ.

ಮೊನ್ನೆ ಮಂಗಳವಾರ ಮೂರನೇ ಸಲ. ಸುಜಾತ ಬರುತ್ತೇನೆ ಅಂದಳು. ಮಗಳ ಪರೀಕ್ಷೆ ಇತ್ತು, ಬೇಡ ಅಂದೆ. ಒಬ್ಬನೇ ಹೋಗಿ ಅದೇ ಬೆಂಚಿನಲ್ಲಿ ಕೂತೆ. ತೊಡೆಯ ಮೇಲೆ ಕೈಚೀಲ, ಅದರಲ್ಲಿ ನೋಟ್‌ಬುಕ್ಕು, ನೋಟ್‌ಬುಕ್ಕಿನ ಪಕ್ಕ ಸ್ಕ್ರೂಡ್ರೈವರು. ಈ ಸಲ ರೋಗದ ಹೆಸರು ಹೇಳಬಹುದು ಅಂದಿದ್ದರು ಡಾಕ್ಟರು. ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಎಡಗಡೆ ಆಚಾರ್ರು ಕೂರುತ್ತಿದ್ದ ಜಾಗದಲ್ಲಿ ಒಬ್ಬರು ಹೆಂಗಸು ಕೂತಿದ್ದರು, ಮಡಿಲಲ್ಲಿ ಮಾತ್ರೆಯ ಪೊಟ್ಟಣಗಳ ರಾಶಿ. ನಮ್ಮ ಕಡೆಯವರಲ್ಲ, ಗುರುತಿಲ್ಲ.

"ಮಂಜಪ್ಪಾ."

ಕೈಚೀಲದೊಳಗೆ ಕೈ ಹಾಕಿ ಸ್ಕ್ರೂಡ್ರೈವರಿನ ಹಿಡಿ ಹಿಡಿದೆ. ಯಾವುದು ಇದು, ಒಳಗಿನದೋ ಹೊರಗಿನದೋ. ಬಾಗಿಲಲ್ಲಿ ಯಾರೂ ಕಾಣಲಿಲ್ಲ, ಪರದೆ ಇಳಿಬಿಟ್ಟಿತ್ತು. ಎದ್ದರೆ, ಯಾರೂ ಕರೆದೇ ಇಲ್ಲ ಅಂತಾದರೆ. ಕೂತೇ ಇದ್ದರೆ, ನನ್ನ ಸರದಿ ಹೋದರೆ. ನಲವತ್ತೈದು ವರ್ಷ ಗುರುತಿಲ್ಲದವರ ಹತ್ತಿರ ದಾರಿ ಕೇಳಲೂ ನಾಚಿದ ಮನುಷ್ಯ ನಾನು. ಆ ಹೆಂಗಸಿನ ಕಡೆ ತಿರುಗಿದೆ.

"ಅಮ್ಮಾ, ಈಗ ಯಾರಾದ್ರೂ ಕರೆದ್ರಾ? ನಿಮಗೆ ಕೇಳ್ತಾ?"

ಅವರು ನನ್ನ ಮುಖ ನೋಡಿದರು. ಆ ಬೆಂಚಿನಲ್ಲಿ ಅಂಥ ಪ್ರಶ್ನೆ ಅವರಿಗೆ ಹೊಸದಾಗಿರಲಿಲ್ಲವೋ ಏನೋ.

"ಕೇಳ್ತಪ್ಪ. ಮಂಜಪ್ಪ ಅಂದ್ರು. ನೀನೇನಾ? ಹೋಗು ಮತ್ತೆ."

ಎದ್ದೆ. ಕೈಚೀಲ ಹೆಗಲಿಗೆ ಹಾಕಿದೆ. ಪರದೆಯ ಆಚೆಯಿಂದ ಮತ್ತೊಮ್ಮೆ ಕರೆದರು. ಮೂವತ್ತು ವರ್ಷಗಳಿಂದ ಹೆದರಿಕೊಂಡು ಬಂದ, ಇಷ್ಟು ತಿಂಗಳು ಗಂಟಲಲ್ಲೇ ನುಂಗಿದ ಅಪ್ಪನ ಮಾತನ್ನು, ಎಲ್ಲರಿಗೂ ಕೇಳುವ ಹಾಗೆ, ಹೇಳಿದೆ.

"ಬಂದೆ."